ಮೊದಲ ದಿನವಿಲ್ಲದ ಕಾಲ

(ಕೊತ್ತತ್ತಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಕೊತ್ತತ್ತಿಯ ಸುತ್ತಮುತ್ತ ಕಬ್ಬು ಬೆಳೆಯುವವರು ಬೀಜ ಚೆಲ್ಲುವುದಿಲ್ಲ. ಬಲಿತ ಜಲ್ಲೆಯನ್ನು ಗಿಣ್ಣು ಉಳಿಯುವ ಹಾಗೆ ತುಂಡು ಮಾಡಿ ಸಾಲಿನಲ್ಲಿ ಹೂಳುತ್ತಾರೆ. ಗಿಣ್ಣಿನ ಕಣ್ಣು ಒಡೆದು ಮೊಳಕೆ ಬರುತ್ತದೆ. ಈ ಸಲದ ಕಬ್ಬು ಹಿಂದಿನ ಸಲದ ಕಬ್ಬಿನ ತುಂಡಿನಿಂದ ಬಂದದ್ದು. ಅದು ಅದಕ್ಕೂ ಹಿಂದಿನ ಕಬ್ಬಿನ ತುಂಡಿನಿಂದ ಬಂದದ್ದು. ಹೀಗೆ ಹಿಂದಕ್ಕೆ ಹೋಗುತ್ತ ಹೋದರೆ ಎಲ್ಲಿ ನಿಲ್ಲಬೇಕು? ಯಾವುದರ ತುಂಡೂ ಅಲ್ಲದ ಒಂದು ಮೊದಲ ಕಬ್ಬು ಎಂದಾದರೂ ಇತ್ತೆ? ಇತ್ತು ಎಂದರೆ ಅದು ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತದೆ. ಇರಲಿಲ್ಲ ಎಂದರೆ ಎಂದೂ ಮುಗಿಯದ ಹಿಂದಣ ದಾರಿಯೊಂದನ್ನು ಒಪ್ಪಬೇಕಾಗುತ್ತದೆ. ಎರಡೂ ಮನಸ್ಸಿಗೆ ಸುಲಭವಾಗಿ ಒಗ್ಗುವ ಮಾತಲ್ಲ.

ಕಬ್ಬಿನ ಜಾಗದಲ್ಲಿ ಜಗತ್ತನ್ನೇ ಇಟ್ಟು ಕೇಳಿದರೆ ಇದು ತತ್ವಶಾಸ್ತ್ರದ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಒಂದಾಗುತ್ತದೆ. ಜಗತ್ತಿಗೆ ಆರಂಭ ಎಂಬುದು ಇತ್ತೆ? ಇದ್ದರೆ ಅದನ್ನು ಆರಂಭಿಸಿದವರು ಯಾರು? ಇಲ್ಲದಿದ್ದರೆ, ಮುಗಿಯದ ಕಾಲವೊಂದು ಮುಗಿದು ಇವತ್ತಿನ ದಿನ ಹೇಗೆ ಬಂತು? ಇವು ಗ್ರೀಕರು ಕೇಳಿದ ಪ್ರಶ್ನೆಗಳು, ಇಲ್ಲವೇ ದೂರದರ್ಶಕ ಹಿಡಿದ ವಿಜ್ಞಾನಿಗಳ ಪ್ರಶ್ನೆಗಳು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನಲ್ಲಿ ಈ ವಿಚಾರ ಬಹಳ ಬಿಗಿಯಾಗಿ ಚರ್ಚೆಗೆ ಬಂದಿತ್ತು. ಆ ಚರ್ಚೆಯ ಎರಡು ದೊಡ್ಡ ಪರಂಪರೆಗಳ ಗುರುತು ಮಂಡ್ಯ ಜಿಲ್ಲೆಯ ಒಳಗೇ ಇದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ, ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಜೈನ ನೆಲೆ ಒಂದು ಪರಂಪರೆಯದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಇನ್ನೊಂದರದು.

ಎರಡು ಬಗೆಯ ಸರಪಳಿ

ಚರ್ಚೆಯ ಒಳಗೆ ಹೋಗುವ ಮುನ್ನ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಾರಣಕ್ಕೆ ಕಾರಣ, ಅದಕ್ಕೆ ಮತ್ತೊಂದು ಕಾರಣ ಎಂದು ಕೊನೆಯಿಲ್ಲದೆ ಹೋಗುವುದನ್ನು ಭಾರತೀಯ ತರ್ಕಶಾಸ್ತ್ರ ಅನವಸ್ಥೆ ಎಂದು ಕರೆಯುತ್ತದೆ. ವಾದದಲ್ಲಿ ಇದು ಒಂದು ದೋಷ. ಆದರೆ ಎಲ್ಲ ಅನವಸ್ಥೆಯೂ ದೋಷವಲ್ಲ ಎಂದು ಅದೇ ಶಾಸ್ತ್ರ ಹೇಳುತ್ತದೆ. ಮೂಲಕ್ಕೇ ಕುತ್ತು ತರುವ ಅನವಸ್ಥೆ ಮಾತ್ರ ದೋಷ; ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎನ್ನುವಂಥ ಸಾಲು ದೋಷವಲ್ಲ.

ಇದನ್ನು ಹಳ್ಳಿಯ ಉದಾಹರಣೆಯಿಂದ ತಿಳಿಯಬಹುದು. ಒಬ್ಬನ ಮನೆಯಲ್ಲಿ ಬಿತ್ತನೆ ರಾಗಿ ಇಲ್ಲ. ಪಕ್ಕದ ಮನೆಯಲ್ಲಿ ಕಡ ಕೇಳುತ್ತಾನೆ. ಪಕ್ಕದವನು ‘ನನ್ನಲ್ಲೂ ಇಲ್ಲ, ಆಚೆ ಮನೆಯಿಂದ ತಂದುಕೊಡುತ್ತೇನೆ’ ಎನ್ನುತ್ತಾನೆ. ಆಚೆ ಮನೆಯವನೂ ಅದನ್ನೇ ಹೇಳುತ್ತಾನೆ. ಹೀಗೆ ಎಷ್ಟು ಮನೆ ದಾಟಿದರೂ, ಕೊನೆಯಿಲ್ಲದಷ್ಟು ಮನೆಗಳಿದ್ದರೂ, ಒಬ್ಬನ ಕಣಜದಲ್ಲೂ ಸ್ವಂತ ರಾಗಿ ಇಲ್ಲವಾದರೆ ಮೊದಲನೆಯವನ ಕೈಗೆ ಒಂದು ಸೇರು ರಾಗಿಯೂ ಬರುವುದಿಲ್ಲ. ಇದು ಕಡದ ಸರಪಳಿ. ಇಲ್ಲಿ ಮನೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ.

ಇನ್ನೊಂದು ವಂಶದ ಸರಪಳಿ. ಮಗ ಹುಟ್ಟಲು ತಂದೆ ಬೇಕು, ತಂದೆ ಹುಟ್ಟಲು ತಾತ ಬೇಕು. ಆದರೆ ಹುಟ್ಟಿ ಬೆಳೆದ ತಂದೆಗೆ ಮಗನನ್ನು ಪಡೆಯುವ ಶಕ್ತಿ ತನ್ನದೇ ಆಗಿರುತ್ತದೆ. ಆ ಹೊತ್ತಿಗೆ ತಾತ ಬದುಕಿರಬೇಕು ಎಂದೇನಿಲ್ಲ. ಈ ಸಾಲು ಹಿಂದಕ್ಕೆ ಎಷ್ಟೇ ಉದ್ದವಾಗಿದ್ದರೂ ಇವತ್ತಿನ ಮಗುವಿನ ಹುಟ್ಟಿಗೆ ಅಡ್ಡಿಯಾಗುವುದಿಲ್ಲ. ಜಗತ್ತಿನ ಆರಂಭದ ಬಗ್ಗೆ ನಡೆದ ಬಹುಪಾಲು ವಾದಗಳು ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆ: ಜಗತ್ತಿನ ಸರಪಳಿ ಕಡದ್ದೋ, ವಂಶದ್ದೋ?

ಮಾನ್ಯಖೇಟದ ವಾದ

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಅದು. ಸುಮಾರು 814ರಿಂದ 878ರವರೆಗೆ ಅಲ್ಲಿ ಆಳಿದವನು ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಮತ್ತು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ ಎರಡೂ ಅವನ ಕಾಲದವು. ಈ ದೊರೆ ಗುರುವೆಂದು ಗೌರವಿಸಿದ ಜೈನಾಚಾರ್ಯರು ಜಿನಸೇನರು. ಅವರು ಸಂಸ್ಕೃತದಲ್ಲಿ ಮಹಾಪುರಾಣವನ್ನು ಬರೆಯತೊಡಗಿ, ಅದರ ಮೊದಲ ಭಾಗವಾದ ಆದಿಪುರಾಣ ಮುಗಿಯುವ ಮುನ್ನವೇ ತೀರಿಕೊಂಡರು. ಉಳಿದುದನ್ನು ಶಿಷ್ಯ ಗುಣಭದ್ರರು ಪೂರೈಸಿದರು. 941ರಲ್ಲಿ ಪಂಪ ತನ್ನ ಕನ್ನಡ ‘ಆದಿಪುರಾಣ’ಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ಜಿನಸೇನರ ಈ ಕೃತಿಯನ್ನೇ.

ಈ ಪುರಾಣದಲ್ಲಿ ಕಥೆಯ ನಡುವೆ ಒಂದು ಗಟ್ಟಿಯಾದ ವಾದ ಬರುತ್ತದೆ. ಜಗತ್ತನ್ನು ಒಬ್ಬ ಕರ್ತೃ ಸೃಷ್ಟಿಸಿದ ಎನ್ನುವವರಿಗೆ ಜಿನಸೇನರು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾರೆ. ಸೃಷ್ಟಿಗೆ ಮೊದಲು ಆತ ಎಲ್ಲಿದ್ದ? ಸಾಮಗ್ರಿಯಿಲ್ಲದೆ ಹೇಗೆ ಮಾಡಿದ? ಮೊದಲು ಸಾಮಗ್ರಿಯನ್ನು ಮಾಡಿಕೊಂಡು ಆಮೇಲೆ ಜಗತ್ತನ್ನು ಮಾಡಿದ ಎಂದರೆ, ಆ ಸಾಮಗ್ರಿಯನ್ನು ಮಾಡಲು ಬೇಕಾದ ಸಾಮಗ್ರಿ ಯಾವುದು? ಸಾಮಗ್ರಿ ತಾನಾಗಿಯೇ ಇತ್ತು ಎನ್ನುವುದಾದರೆ, ಜಗತ್ತೂ ತಾನಾಗಿಯೇ ಇತ್ತು ಎಂದು ಏಕೆ ಹೇಳಬಾರದು? ಆತ ಪರಿಪೂರ್ಣನಾಗಿದ್ದರೆ ಸೃಷ್ಟಿಸಬೇಕೆಂಬ ಬಯಕೆ ಏಕೆ ಹುಟ್ಟಿತು? ಪರಿಪೂರ್ಣನಲ್ಲದಿದ್ದರೆ ಕುಂಬಾರನಿಗಿಂತ ಹೆಚ್ಚಿನ ಕೆಲಸ ಅವನಿಂದ ಹೇಗಾದೀತು? ಜೀವಿಗಳ ಮೇಲಿನ ಕರುಣೆಯಿಂದ ಮಾಡಿದ ಎಂದರೆ, ದುಃಖವಿಲ್ಲದ ಜಗತ್ತನ್ನೇ ಏಕೆ ಮಾಡಲಿಲ್ಲ? ಆದ್ದರಿಂದ ಕಾಲದ ಹಾಗೆ ಜಗತ್ತೂ ಆದಿ ಅಂತ್ಯಗಳಿಲ್ಲದ್ದು, ಯಾರೂ ಮಾಡಿದ್ದಲ್ಲ ಎಂಬುದು ಅವರ ತೀರ್ಮಾನ.

ಈ ಭಾಗ ಎಷ್ಟು ದೂರ ಹೋಯಿತೆಂದರೆ, 1980ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ತಮ್ಮ ‘ಕಾಸ್ಮಾಸ್’ ಪುಸ್ತಕದ ಒಂದು ಅಧ್ಯಾಯದ ತಲೆಯಲ್ಲಿ ಇದನ್ನು ಉದ್ಧರಿಸಿದರು. ಆದರೆ ಜಿನಸೇನರನ್ನು ಇಂದಿನ ಅರ್ಥದ ನಿರೀಶ್ವರವಾದಿ ಎಂದು ಕರೆದು ಮುಗಿಸುವ ಹಾಗಿಲ್ಲ. ಜೀವ, ಕರ್ಮ, ಮೋಕ್ಷಗಳಲ್ಲಿ ಅವರಿಗೆ ಪೂರ್ಣ ನಂಬಿಕೆಯಿತ್ತು. ಅವರು ತಳ್ಳಿಹಾಕಿದ್ದು ಕರ್ತೃವನ್ನು, ಹೊಣೆಯನ್ನಲ್ಲ. ಸುಖದುಃಖಗಳ ಹೊಣೆ ಮೇಲಿರುವ ಯಾರದ್ದೋ ಅಲ್ಲ, ಜೀವಿಯದೇ ಎಂದು ದೊರೆಯ ಗುರುವೊಬ್ಬರು ಹೇಳುತ್ತಿದ್ದರು ಎಂಬುದು ಸಣ್ಣ ಸಂಗತಿಯಲ್ಲ.

ದೊಡ್ಡ ಸಂಖ್ಯೆ ಬೇರೆ, ಅನಂತ ಬೇರೆ

ಕಾಲಕ್ಕೆ ಆದಿಯಿಲ್ಲ ಎಂದು ಹೇಳಿಬಿಡುವುದು ಸುಲಭ. ಹಾಗಾದರೆ ಕಳೆದುಹೋದ ಕಾಲ ಎಷ್ಟು ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಜೈನ ಆಚಾರ್ಯರು ಈ ಕಷ್ಟವನ್ನು ಬಿಟ್ಟು ಓಡಲಿಲ್ಲ. ಜಿನಸೇನರ ಗುರು ವೀರಸೇನರು ‘ಷಟ್‌ಖಂಡಾಗಮ’ಕ್ಕೆ ‘ಧವಲಾ’ ಎಂಬ ದೊಡ್ಡ ಟೀಕೆಯನ್ನು 816ರ ಸುಮಾರಿಗೆ ಮುಗಿಸಿದರು. ಪ್ರಾಕೃತ ಮತ್ತು ಸಂಸ್ಕೃತ ಬೆರೆತ ಈ ಗ್ರಂಥದ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ, ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅದರೊಳಗಿನ ಗಣಿತದ ಮಹತ್ವವನ್ನು ಹೊರಗಿನವರಿಗೆ ತಿಳಿಸಿದವರಲ್ಲಿ ಲಖ್ನೋ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಪ್ರಮುಖರು.

ಜೈನ ಗಣನೆಯಲ್ಲಿ ಸಂಖ್ಯೆಗಳಿಗೆ ಮೂರು ವರ್ಗ: ಸಂಖ್ಯಾತ, ಅಸಂಖ್ಯಾತ, ಅನಂತ. ಎಣಿಸಲು ಬರುವುದು ಸಂಖ್ಯಾತ. ಅದರ ಗಡಿ ಎಷ್ಟು ದೂರ ಎಂಬುದನ್ನು ತೋರಿಸಲು ಶ್ರವಣಬೆಳಗೊಳದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಸಾಸಿವೆಯ ಉದಾಹರಣೆ ಕೊಡುತ್ತಾರೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು ಇವರು. ಅವರ ‘ತ್ರಿಲೋಕಸಾರ’ದಲ್ಲಿ ಲಕ್ಷ ಯೋಜನ ಅಗಲದ ಒಂದು ಹೊಂಡವನ್ನು ಸಾಸಿವೆ ಕಾಳಿನಿಂದ ತುಂಬಿಸಲಾಗುತ್ತದೆ. ಆಮೇಲೆ ಒಂದೊಂದು ದ್ವೀಪಕ್ಕೆ, ಒಂದೊಂದು ಸಮುದ್ರಕ್ಕೆ ಒಂದೊಂದು ಕಾಳು ಹಾಕುತ್ತ ಹೋಗಬೇಕು. ಕಾಳು ಮುಗಿದ ಕಡೆ, ಅಲ್ಲಿಯವರೆಗಿನ ಅಗಲಕ್ಕೆ ಹೊಸ ಹೊಂಡ ತೋಡಿ ಮತ್ತೆ ತುಂಬಿಸಬೇಕು. ಹೀಗೆ ಹೊಂಡದ ಮೇಲೆ ಹೊಂಡ ಬೆಳೆಯುತ್ತ ಹೋಗಿ ಸಿಗುವ ಊಹೆಗೂ ನಿಲುಕದ ಸಂಖ್ಯೆ ಏನು? ಅದು ಅನಂತವಲ್ಲ. ಎಣಿಕೆಗೆ ಸಿಗುವ ಸಂಖ್ಯೆಗಳ ಅಂಚು ಮಾತ್ರ. ಅದರಾಚೆಗೆ ಅಸಂಖ್ಯಾತ, ಅದರಾಚೆಗೆ ಅನಂತ.

ಈ ಪಾಠ ಮುಖ್ಯವಾದದ್ದು. ಅನಂತ ಎಂದರೆ ಬಹಳ ದೊಡ್ಡ ಸಂಖ್ಯೆ ಎಂದು ಮನಸ್ಸು ಸುಮ್ಮನೆ ತಿಳಿದುಬಿಡುತ್ತದೆ. ದೊಡ್ಡ ಸಂಖ್ಯೆ ಎಷ್ಟೇ ದೊಡ್ಡದಾದರೂ ಖರ್ಚು ಮಾಡುತ್ತ ಹೋದರೆ ಒಂದು ದಿನ ತೀರುತ್ತದೆ. ವರಮಾನವಿಲ್ಲದೆ ಬರೀ ವೆಚ್ಚ ಮಾಡುತ್ತಿದ್ದರೂ ತೀರದ ರಾಶಿಯೇ ಅನಂತ ಎಂಬ ಅರ್ಥದ ವಿವರಣೆ ಧವಲಾದಲ್ಲಿದೆ.

ಅಷ್ಟಕ್ಕೇ ನಿಲ್ಲದೆ ವೀರಸೇನರು ಒಂದು ಅನಂತವನ್ನು ಇನ್ನೊಂದರ ಜೊತೆ ಹೋಲಿಸಲು ಹೊರಡುತ್ತಾರೆ. ಒಂದು ಕಡೆ ಕಳೆದುಹೋದ ಕಾಲದ ಕ್ಷಣಗಳ ರಾಶಿ. ಇನ್ನೊಂದು ಕಡೆ ಸಂಸಾರದಲ್ಲಿರುವ ಜೀವಗಳ ರಾಶಿ. ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ತೆಗೆಯುತ್ತ ಹೋದರೆ ಭೂತಕಾಲದ ಕ್ಷಣಗಳು ಮುಗಿಯುತ್ತವೆ, ಜೀವಗಳು ಮುಗಿಯುವುದಿಲ್ಲ ಎನ್ನುತ್ತಾರೆ. ಭೂತಕಾಲ ಅನಂತ, ಜೀವರಾಶಿ ಅದಕ್ಕಿಂತ ಹಿರಿದಾದ ಅನಂತ. ಆದಿಯಿಲ್ಲದ ಕಾಲದಿಂದಲೂ ಜೀವಗಳು ಮೋಕ್ಷ ಪಡೆಯುತ್ತಲೇ ಬಂದಿದ್ದರೆ ಇಷ್ಟು ಹೊತ್ತಿಗೆ ಸಂಸಾರ ಬರಿದಾಗಿರಬೇಕಿತ್ತಲ್ಲ ಎಂಬ ಪ್ರಶ್ನೆಗೆ ಈ ಹೋಲಿಕೆ ಉತ್ತರವೂ ಆಗುತ್ತದೆ.

ಸಾವಿರ ವರ್ಷಗಳ ನಂತರ ಜರ್ಮನಿಯ ಗಣಿತಜ್ಞ ಗೇಯೊರ್ಗ್ ಕ್ಯಾಂಟರ್ ಅನಂತಗಳನ್ನು ಅಳೆದದ್ದೂ ಒಂದಕ್ಕೊಂದು ಹೊಂದಿಸುವ ಉಪಾಯದಿಂದಲೇ. 1874 ಮತ್ತು 1891ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಅವರು ಒಂದು ಅನಂತ ಇನ್ನೊಂದಕ್ಕಿಂತ ದೊಡ್ಡದಿರಬಹುದು ಎಂದು ಸಾಧಿಸಿದರು. ಹಾಗೆಂದು ಎಲ್ಲವೂ ಮೊದಲೇ ಇಲ್ಲಿತ್ತು ಎಂದು ಬೀಗಬೇಕಾದ್ದಿಲ್ಲ. ಕ್ಯಾಂಟರ್ ಗಣಿತದಲ್ಲಿ, ಒಂದು ರೀತಿಯಲ್ಲಿ ಹೊಂದಿಸಿದಾಗ ಒಂದು ಕಡೆ ಉಳಿಕೆ ಕಂಡ ಮಾತ್ರಕ್ಕೆ ಆ ಕಡೆಯದು ದೊಡ್ಡದಾಗುವುದಿಲ್ಲ. ಬೇರೆ ಯಾವ ರೀತಿಯಲ್ಲಿ ಹೊಂದಿಸಿದರೂ ಉಳಿಯುತ್ತದೆ ಎಂದು ಸಾಧಿಸಬೇಕು. ಆ ಬಿಗಿ ಧವಲಾದಲ್ಲಿಲ್ಲ. ಆದರೆ ಅನಂತವನ್ನು ಕೈಮುಗಿದು ಬದಿಗಿಡದೆ, ಲೆಕ್ಕಕ್ಕೆ ತಂದು ಹೋಲಿಸಬಹುದು ಎಂಬ ಧೈರ್ಯ ಅಲ್ಲಿದೆ.

ಇವತ್ತು ಹೇಗೆ ಬಂತು?

ಕಾಲ ಅನಾದಿ ಎನ್ನುವವರಿಗೆ ಎದುರಾದ ಅತ್ಯಂತ ತೀಕ್ಷ್ಣವಾದ ಆಕ್ಷೇಪ ಬೆಳೆದದ್ದು ಪಶ್ಚಿಮದಲ್ಲಿ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಜಾನ್ ಫಿಲೋಪೋನಸ್, 1095ರಲ್ಲಿ ಬಾಗ್ದಾದಿನ ಅಲ್ ಗಜಾಲಿ ಇದನ್ನು ಮುಂದಿಟ್ಟರು. ಅನಂತವಾದ ದಿನಗಳು ಕಳೆದ ಮೇಲೆಯೇ ಇವತ್ತು ಬರಬೇಕಾಗಿದ್ದರೆ ಇವತ್ತು ಬರುತ್ತಲೇ ಇರಲಿಲ್ಲ, ಏಕೆಂದರೆ ಅನಂತವನ್ನು ದಾಟಿ ಮುಗಿಸಲಾಗದು. ಗಜಾಲಿಯ ಇನ್ನೊಂದು ಮಾತು ಇನ್ನೂ ಸೊಗಸಾದದ್ದು. ಅಂದಿನ ಖಗೋಳದಲ್ಲಿ ಸೂರ್ಯ ಒಂದು ವರ್ಷಕ್ಕೆ ಒಂದು ಸುತ್ತು ಬಂದರೆ ಶನಿ ಬರುವುದು 30 ವರ್ಷಕ್ಕೆ ಒಂದು ಸುತ್ತು. ಕಾಲ ಅನಾದಿಯಾದರೆ ಎರಡರ ಸುತ್ತುಗಳೂ ಅನಂತ. ಒಂದು ಇನ್ನೊಂದರ ಮೂವತ್ತರಲ್ಲಿ ಒಂದು ಪಾಲು, ಆದರೂ ಎರಡೂ ಸಮ ಎನ್ನಬೇಕೆ? ಆ ಸುತ್ತುಗಳ ಸಂಖ್ಯೆ ಸಮವೋ, ಬೆಸವೋ?

ಎರಡನೆಯ ಆಕ್ಷೇಪಕ್ಕೆ ಗಣಿತ ಉತ್ತರ ಕೊಟ್ಟಿದೆ. 1, 2, 3 ಎಂದು ಸಾಗುವ ಎಲ್ಲ ಸಂಖ್ಯೆಗಳ ಜೊತೆ 30, 60, 90 ಎಂದು ಸಾಗುವ ಸಂಖ್ಯೆಗಳನ್ನು ಒಂದಕ್ಕೊಂದು ಹೊಂದಿಸಬಹುದು. ಯಾವ ಕಡೆಯೂ ಒಂದೂ ಉಳಿಯುವುದಿಲ್ಲ. ಭಾಗ ಪೂರ್ಣಕ್ಕೆ ಸಮವಾಗುವುದು ಅನಂತದಲ್ಲಿ ವಿರೋಧವಲ್ಲ, ಅದರ ಲಕ್ಷಣ. ಸಮ, ಬೆಸ ಎಂಬ ಮಾತು ಪರಿಮಿತ ಸಂಖ್ಯೆಗಳಿಗೆ ಸಂಬಂಧಿಸಿದ್ದು. ಗಜಾಲಿಗಿಂತ ಅರ್ಧ ಶತಮಾನದ ಈಚೆಗೆ, 1150ರ ಸುಮಾರಿಗೆ, ಎರಡನೆಯ ಭಾಸ್ಕರಾಚಾರ್ಯರು ಶೂನ್ಯದಿಂದ ಭಾಗಿಸಿದ ರಾಶಿಗೆ ಏನನ್ನು ಕೂಡಿಸಿದರೂ ಕಳೆದರೂ ಬದಲಾಗುವುದಿಲ್ಲ ಎಂದರು. ಸೃಷ್ಟಿ ಪ್ರಳಯಗಳಲ್ಲಿ ಜೀವಿಗಳು ಹೊರಬಂದರೂ ಒಳಸೇರಿದರೂ ಬದಲಾಗದ ಅಚ್ಯುತನಿಗೆ ಅದನ್ನು ಹೋಲಿಸಿದರು.

ಮೊದಲ ಆಕ್ಷೇಪದ ಬಲವನ್ನು ಎಚ್ಚರಿಕೆಯಿಂದ ನೋಡಬೇಕು. ಅನಂತವನ್ನು ದಾಟಲಾಗದು ಎನ್ನುವಾಗ, ಅನಂತ ದೂರದಲ್ಲಿ ಒಂದು ಮೊದಲ ದಿನವಿದೆ, ಅಲ್ಲಿಂದ ಹೊರಟು ಇಲ್ಲಿಗೆ ಬರಬೇಕು ಎಂಬ ಚಿತ್ರ ಮನಸ್ಸಿನಲ್ಲಿ ಕೂತಿರುತ್ತದೆ. ಆದರೆ ಕಾಲ ಅನಾದಿ ಎನ್ನುವವನು ಹೇಳುತ್ತಿರುವುದೇ ಮೊದಲ ದಿನ ಎಂಬುದು ಇಲ್ಲ ಎಂದು. ಹಿಂದಿನ ಯಾವ ದಿನವನ್ನಾದರೂ ಬೆರಳಿಟ್ಟು ತೋರಿಸಿ. ಅಲ್ಲಿಂದ ಇವತ್ತಿಗೆ ಇರುವ ದೂರ ಎಣಿಕೆಗೆ ಸಿಗುವಷ್ಟೇ. ಅದು ಕೋಟಿ ಕೋಟಿ ವರ್ಷವಾಗಬಹುದು, ಆದರೂ ದಾಟಬಹುದಾದ ದೂರ. ಅನಂತ ದೂರದಲ್ಲಿರುವ ದಿನ ಒಂದೂ ಇಲ್ಲ. ಹೊರಟವರೇ ಇಲ್ಲದ ಕಡೆ ದಾರಿ ಸವೆಸುವ ಪ್ರಶ್ನೆ ಏಳುವುದಿಲ್ಲ.

ಇಷ್ಟಕ್ಕೆ ಎದುರಾಳಿ ಸುಮ್ಮನಾಗುವುದಿಲ್ಲ. ಅನಾದಿ ಕಾಲದಿಂದ ಒಬ್ಬ ಹಿಂದುಮುಂದಾಗಿ ಎಣಿಸುತ್ತ ಬಂದು ಇವತ್ತು ಮೂರು, ಎರಡು, ಒಂದು ಎಂದು ಮುಗಿಸಿದ ಎಂದಿಟ್ಟುಕೊಳ್ಳಿ. ಅವನು ಇವತ್ತೇ ಏಕೆ ಮುಗಿಸಿದ? ನಿನ್ನೆಯ ಹೊತ್ತಿಗೂ ಅವನಿಗೆ ಅನಂತವಾದ ಸಮಯ ಸಿಕ್ಕಿತ್ತಲ್ಲವೇ? 1979ರಲ್ಲಿ ಅಮೆರಿಕದ ವಿಲಿಯಂ ಲೇನ್ ಕ್ರೇಗ್ ಗಜಾಲಿಯ ವಾದಕ್ಕೆ ಪುಸ್ತಕರೂಪದಲ್ಲಿ ಹೊಸ ಜೀವ ಕೊಟ್ಟ ಮೇಲೆ ಇಂಥ ಒಗಟುಗಳ ಮೇಲಿನ ಚರ್ಚೆ ಇನ್ನೂ ನಿಂತಿಲ್ಲ. ಗಣಿತದಲ್ಲಿ ಅನಂತಕ್ಕೆ ವಿರೋಧವಿಲ್ಲದಿದ್ದರೂ ವಾಸ್ತವದಲ್ಲಿ ಅದು ಎಲ್ಲೂ ಸಿಗುವುದಿಲ್ಲ ಎಂದು 1925ರ ಉಪನ್ಯಾಸವೊಂದರಲ್ಲಿ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಹೇಳಿದ್ದರು. ಅಷ್ಟರಮಟ್ಟಿಗೆ ಪ್ರಶ್ನೆ ತೆರೆದೇ ಇದೆ. ಆದರೆ ‘ಅನಂತವನ್ನು ದಾಟಲಾಗದು, ಆದ್ದರಿಂದ ಆರಂಭವಿರಲೇಬೇಕು’ ಎಂಬ ಒಂದೇ ಸಾಲಿನ ತೀರ್ಪು ನಿಲ್ಲುವುದಿಲ್ಲ.

ಮೇಲುಕೋಟೆಯ ನಿಲುವು

ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಹೊಯ್ಸಳ ನಾಡಿಗೆ ಬಂದ ರಾಮಾನುಜಾಚಾರ್ಯರು, ಸಂಪ್ರದಾಯದ ಪ್ರಕಾರ, ಹನ್ನೆರಡು ವರ್ಷ ಮೇಲುಕೋಟೆಯಲ್ಲಿ ನೆಲೆಸಿದ್ದರು. ಜಗತ್ತಿಗೆ ನಾರಾಯಣನೇ ಕಾರಣ ಎಂಬುದು ಅವರ ದರ್ಶನದ ತಳಹದಿ. ಹಾಗಿದ್ದರೆ ಕರ್ತೃವನ್ನು ಯುಕ್ತಿಯಿಂದ ಸಾಧಿಸುವ ನೈಯಾಯಿಕರ ವಾದವನ್ನು ಅವರು ಬಳಸಿಕೊಂಡಿರಬೇಕು ಎಂದು ಯಾರಿಗಾದರೂ ಅನಿಸೀತು. ನಡೆದದ್ದು ಬೇರೆ.

ಮಡಕೆಗೆ ಕುಂಬಾರನಿರುವ ಹಾಗೆ ಜಗತ್ತೆಂಬ ಕಾರ್ಯಕ್ಕೂ ಒಬ್ಬ ಕರ್ತೃ ಇರಬೇಕು ಎಂಬುದು ನೈಯಾಯಿಕರ ಅನುಮಾನ. ‘ಶ್ರೀಭಾಷ್ಯ’ದಲ್ಲಿ ರಾಮಾನುಜರು ಇದನ್ನು ಒಂದೊಂದಾಗಿ ಬಿಚ್ಚಿ ಕೆಡವುತ್ತಾರೆ. ಬೆಟ್ಟ, ಸಮುದ್ರ, ಭೂಮಿಗಳೆಲ್ಲ ಒಂದೇ ಕಾಲಕ್ಕೆ ಆದವು ಎಂಬುದಕ್ಕೆ ಆಧಾರವೇನು? ಬೇರೆ ಬೇರೆ ಕಾಲಕ್ಕೆ ಆಗಿದ್ದರೆ ಮಾಡಿದವನು ಒಬ್ಬನೇ ಎಂದು ಹೇಗೆ ಹೇಳುವುದು? ಲೋಕದಲ್ಲಿ ಕಾಣುವ ಕರ್ತೃಗಳೆಲ್ಲ ದೇಹವಿರುವವರು, ಅಲ್ಪಶಕ್ತರು. ಮಡಕೆಯಿಂದ ಹೊರಟ ಅನುಮಾನ ಅಂಥ ಕರ್ತೃವಿನ ಹತ್ತಿರಕ್ಕೇ ಹೋಗಿ ನಿಲ್ಲುತ್ತದೆ, ಸರ್ವಜ್ಞನಾದ ಈಶ್ವರನ ಹತ್ತಿರಕ್ಕೆ ಹೋಗುವುದಿಲ್ಲ. ಆದ್ದರಿಂದ ಈಶ್ವರನನ್ನು ತಿಳಿಯಲು ಶಾಸ್ತ್ರವೇ ಪ್ರಮಾಣ, ಅನುಮಾನವಲ್ಲ ಎಂಬುದು ಅವರ ನಿಲುವು.

ಮಾನ್ಯಖೇಟದ ಜೈನಾಚಾರ್ಯರೂ ಮೇಲುಕೋಟೆಯ ವೈಷ್ಣವಾಚಾರ್ಯರೂ ಸೇರುವ ಜಾಗ ಇದು. ಕುಂಬಾರನ ಹೋಲಿಕೆಯಿಂದ ಜಗತ್ಕರ್ತೃವನ್ನು ಸಾಧಿಸಲಾಗದು ಎಂದು ಇಬ್ಬರೂ ಹೇಳುತ್ತಾರೆ. ಒಬ್ಬರು ಅಲ್ಲಿಂದ ಕರ್ತೃವೇ ಇಲ್ಲ ಎಂಬ ಕಡೆಗೆ, ಇನ್ನೊಬ್ಬರು ಶಾಸ್ತ್ರದ ಕಡೆಗೆ ತಿರುಗುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಇದಕ್ಕೆ ಹತ್ತಿರದ ಮಾತನ್ನು ಹೇಳಿದರು: ಜಗತ್ತಿಗೆ ಆರಂಭವಿತ್ತು ಎಂಬುದನ್ನು ಶ್ರದ್ಧೆಯಿಂದ ಒಪ್ಪಬೇಕು, ಯುಕ್ತಿಯಿಂದ ಸಾಧಿಸಲಾಗದು. ತಾವು ನಂಬಿದ್ದನ್ನೇ ಸಾಧಿಸಿದ್ದೇವೆ ಎಂದು ಹೇಳಿಕೊಳ್ಳದ ಪ್ರಾಮಾಣಿಕತೆ ಇಬ್ಬರಲ್ಲೂ ಇದೆ.

ಇನ್ನೊಂದು ಕಡೆಯೂ ಜೈನ ಮತ್ತು ವೇದಾಂತ ಪರಂಪರೆಗಳು ಸೇರುತ್ತವೆ. ವೇದಾಂತದಲ್ಲಿ ಸೃಷ್ಟಿ ಇದೆ, ಪ್ರಳಯವೂ ಇದೆ. ಆದರೆ ಸೃಷ್ಟಿ ಪ್ರಳಯಗಳ ಸಾಲಿಗೆ ಮೊದಲಿಲ್ಲ. ಏಕೆ ಹೀಗೆ? ಪ್ರಶ್ನೆ ನ್ಯಾಯದ್ದು. ಒಂದು ಮಗು ಉಳ್ಳವರ ಮನೆಯಲ್ಲಿ ಹುಟ್ಟುತ್ತದೆ, ಇನ್ನೊಂದು ಹಸಿವಿನ ಮನೆಯಲ್ಲಿ, ಮತ್ತೊಂದು ರೋಗ ಹೊತ್ತುಕೊಂಡೇ. ಈ ವ್ಯತ್ಯಾಸ ಈಶ್ವರ ಮಾಡಿದ್ದೆಂದರೆ ಆತ ಪಕ್ಷಪಾತಿಯಾಗುತ್ತಾನೆ. ಹಿಂದಿನ ಕರ್ಮದ ಫಲ ಎಂದರೆ, ಮೊಟ್ಟಮೊದಲ ಸೃಷ್ಟಿಯಲ್ಲಿ ಹಿಂದಿನ ಕರ್ಮ ಎಲ್ಲಿತ್ತು? ಬ್ರಹ್ಮಸೂತ್ರಗಳು ಈ ಆಕ್ಷೇಪವನ್ನು ತಾವೇ ಎತ್ತಿ, ಸಂಸಾರ ಅನಾದಿ, ಆದ್ದರಿಂದ ಮೊಟ್ಟಮೊದಲು ಎಂಬುದೇ ಇಲ್ಲ ಎಂದು ಉತ್ತರಿಸುತ್ತವೆ. ಅನಂತದ ಪ್ರಶ್ನೆ ಬರೀ ಲೆಕ್ಕದ ಆಟವಾಗದೆ ಮನುಷ್ಯನ ನೋವನ್ನು ಮುಟ್ಟುವುದು ಇಲ್ಲಿ.

ಈ ಉತ್ತರ ಎಷ್ಟು ಗಟ್ಟಿ? ರಾಗಿ ಕಡದ ಉದಾಹರಣೆಯನ್ನು ಇಲ್ಲಿಗೆ ತಂದು ನೋಡಬೇಕು. ಈ ಜನ್ಮದ ಕಷ್ಟಕ್ಕೆ ಹಿಂದಿನ ಜನ್ಮ, ಅದರ ಕಷ್ಟಕ್ಕೆ ಅದರ ಹಿಂದಿನದು ಎಂದು ಹೋಗುವಾಗ ಪ್ರತಿ ಹೆಜ್ಜೆಗೂ ಒಂದು ವಿವರಣೆ ಸಿಗುತ್ತದೆ. ಜೀವಿ ಪ್ರತಿ ಜನ್ಮದಲ್ಲೂ ಸ್ವತಂತ್ರವಾಗಿ ನಡೆದುಕೊಳ್ಳುತ್ತದೆ ಎಂದು ಒಪ್ಪಿದರೆ ಇದು ವಂಶದ ಸರಪಳಿ. ಆಗ ಉತ್ತರ ನಿಲ್ಲುತ್ತದೆ. ಪ್ರತಿ ಜನ್ಮದ ನಡತೆಯೂ ಹಿಂದಿನದರಿಂದಲೇ ನಿರ್ಧಾರವಾಗುತ್ತದೆ ಎಂದರೆ ಇದು ಕಡದ ಸರಪಳಿ. ಆಗ ಹೊಣೆ ಎಂಬುದು ಮನೆಯಿಂದ ಮನೆಗೆ ಹೋಗುತ್ತದೆಯೇ ಹೊರತು ಯಾರ ಕಣಜದಲ್ಲೂ ಸಿಗುವುದಿಲ್ಲ. ಎದುರಿಗಿರುವ ಅನ್ಯಾಯವನ್ನು ಕಾಣದ ಕಾಲಕ್ಕೆ ವರ್ಗಾಯಿಸಿ ಕೈತೊಳೆದುಕೊಳ್ಳಲು ಅನಾದಿ ಎಂಬ ಮಾತು ನೆರವಾಗುವ ಅಪಾಯ ಇರುವುದೂ ಇಲ್ಲಿಯೇ.

ವಿಜ್ಞಾನ ಹೇಳಿದ್ದೆಷ್ಟು?

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಆಕಾಶದ ಕಡೆಗೆ ತಿರುಗಿತು. 1927ರಲ್ಲಿ ಬೆಲ್ಜಿಯಂನ ಪಾದ್ರಿಯೂ ಭೌತವಿಜ್ಞಾನಿಯೂ ಆದ ಜಾರ್ಜ್ ಲೆಮೈತ್ರ್ ವಿಶ್ವ ಹಿಗ್ಗುತ್ತಿದೆ ಎಂದರು. 1929ರಲ್ಲಿ ಎಡ್ವಿನ್ ಹಬಲ್ ಪ್ರಕಟಿಸಿದ ಅಳತೆಗಳು ಅದಕ್ಕೆ ಬೆಂಬಲವಾದವು. 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಎಂಬವರು ಇದಕ್ಕೆ ಎದುರಾಗಿ, ವಿಶ್ವ ಹಿಗ್ಗುತ್ತಿದ್ದರೂ ಅದಕ್ಕೆ ಆದಿ ಇಲ್ಲ ಎಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು. ಹಾಯ್ಲ್ ಅವರ ಶಿಷ್ಯ ಜಯಂತ ನಾರ್ಳೀಕರ್ 2025ರಲ್ಲಿ ತೀರಿಕೊಳ್ಳುವವರೆಗೂ ಮಹಾಸ್ಫೋಟವನ್ನು ಪ್ರಶ್ನಿಸುತ್ತಲೇ ಇದ್ದರು. ಆದರೆ 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಮಂದವಾದ ವಿಕಿರಣವನ್ನು ಕಂಡುಹಿಡಿದ ಮೇಲೆ ಬಹುಪಾಲು ವಿಜ್ಞಾನಿಗಳು ಮಹಾಸ್ಫೋಟದ ಕಡೆಗೆ ವಾಲಿದರು. ಇಂದಿನ ಲೆಕ್ಕದಲ್ಲಿ ಆ ಅತಿ ಬಿಸಿಯಾದ, ದಟ್ಟವಾದ ಸ್ಥಿತಿ ಸುಮಾರು 1,380 ಕೋಟಿ ವರ್ಷಗಳ ಹಿಂದಿನದು.

ಈ ಹುಡುಕಾಟದಲ್ಲಿ ಕರ್ನಾಟಕದ ನೀರಿಗೂ ಪಾಲಿದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸಂಕೇತ ಸಿಕ್ಕಿದೆ ಎಂದು 2018ರಲ್ಲಿ ವಿದೇಶದ ತಂಡವೊಂದು ಪ್ರಕಟಿಸಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮ್ಮ ‘ಸರಸ್’ ರೇಡಿಯೋ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಅಳೆದರು. ಆ ಸಂಕೇತ ಅವರಿಗೆ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹಿಂದಿನ ಹೇಳಿಕೆಯನ್ನು ಅಲ್ಲಗಳೆಯಿತು. ಕಾಲದ ಆದಿಯತ್ತ ಹೋಗುವ ದಾರಿಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಅಳೆದು ನೋಡುವುದು ಹೀಗೆ.

ಹಾಗಾದರೆ ವಿಶ್ವಕ್ಕೆ ಆರಂಭವಿತ್ತು ಎಂದು ವಿಜ್ಞಾನ ತೀರ್ಪು ಕೊಟ್ಟಿತೆ? 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಹೊಸ ವಿಜ್ಞಾನ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಎಂಬ ಅರ್ಥದಲ್ಲಿ ಮಾತನಾಡಿದಾಗ ಸ್ವತಃ ಪಾದ್ರಿಯಾದ ಲೆಮೈತ್ರ್ ಅದನ್ನು ಮೆಚ್ಚಲಿಲ್ಲ. ವಿಶ್ವದ ಇಂದಿನ ರೂಪಕ್ಕೆ ಒಂದು ಆರಂಭದ ಘಟ್ಟವಿತ್ತು ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಆದರೆ ಅದಕ್ಕೂ ಹಿಂದಕ್ಕೆ ಹೋದಂತೆ ಗುರುತ್ವದ ಬಗ್ಗೆ ಇರುವ ಸಿದ್ಧಾಂತವೇ ಕೈಕೊಡುತ್ತದೆ. ಅದರ ಹಿಂದೆ ಇನ್ನೊಂದು ಯುಗವಿತ್ತು ಎನ್ನುವವರಿದ್ದಾರೆ. 1983ರಲ್ಲಿ ಹಾರ್ಟ್ಲ್ ಮತ್ತು ಹಾಕಿಂಗ್ ಮೂರನೆಯ ದಾರಿಯನ್ನು ಸೂಚಿಸಿದರು. ಭೂಮಿಯ ದಕ್ಷಿಣ ಧ್ರುವದಲ್ಲಿ ನಿಂತವನಿಗೆ ಇನ್ನೂ ದಕ್ಷಿಣಕ್ಕೆ ಏನಿದೆ ಎಂಬ ಪ್ರಶ್ನೆಗೆ ಅರ್ಥವಿಲ್ಲದ ಹಾಗೆ, ಭೂತಕಾಲ ಪರಿಮಿತವಾಗಿದ್ದರೂ ಅದಕ್ಕೆ ಅಂಚು ಇರಬೇಕೆಂದಿಲ್ಲ.

ಈ ಮೂರನೆಯ ದಾರಿ ಅಷ್ಟು ವಿಚಿತ್ರವೇನಲ್ಲ. ಕಬ್ಬಿಗೂ ಚರಿತ್ರೆಯಿದೆ. ಹಲವು ಸಾವಿರ ವರ್ಷಗಳ ಹಿಂದೆ ನ್ಯೂಗಿನಿಯ ಜನ ಕಾಡಿನ ಹುಲ್ಲೊಂದನ್ನು ಆರಿಸಿ ಆರಿಸಿ ನೆಡುತ್ತ ಅದನ್ನು ಸಿಹಿಗಬ್ಬಾಗಿಸಿದರು ಎಂಬುದು ಸಸ್ಯಶಾಸ್ತ್ರಜ್ಞರ ತಿಳಿವಳಿಕೆ. ಆದ್ದರಿಂದ ಕಬ್ಬಿನ ಸಾಲು ಅನಂತವಲ್ಲ. ಹಾಗೆಂದು ಇಂಥ ದಿನ ಇಂಥ ಜಲ್ಲೆ ಮೊದಲ ಕಬ್ಬಾಯಿತು ಎಂದು ಹೇಳಲೂ ಆಗದು. ಹುಲ್ಲು ಎಲ್ಲಿ ಮುಗಿಯಿತು, ಕಬ್ಬು ಎಲ್ಲಿ ಶುರುವಾಯಿತು ಎಂಬುದಕ್ಕೆ ಗೆರೆಯಿಲ್ಲ. ಮೊದಲ ದಿನವಿಲ್ಲದೆಯೂ ಒಂದು ವಸ್ತುವಿಗೆ ವಯಸ್ಸಿರಬಹುದು.

ಇಷ್ಟು ಶತಮಾನಗಳ ವಾದದಿಂದ ಉಳಿಯುವ ಗಟ್ಟಿ ತಿಳಿವಳಿಕೆ ಇದು: ಆರಂಭವಿತ್ತೆ ಎಂಬುದು ಒಂದು ಪ್ರಶ್ನೆ, ಮಾಡಿದವರಿದ್ದಾರೆಯೆ ಎಂಬುದು ಇನ್ನೊಂದು. ಆರಂಭವಿದ್ದ ಮಾತ್ರಕ್ಕೆ ಕರ್ತೃ ಸಿದ್ಧನಾಗುವುದಿಲ್ಲ. ಅನಾದಿಯಾದ ಮಾತ್ರಕ್ಕೆ ಕರ್ತೃ ಇಲ್ಲವೆಂದೂ ಆಗುವುದಿಲ್ಲ. ರಾಮಾನುಜರ ಜಗತ್ತಿನ ಸಾಲು ಅನಾದಿ, ಆದರೂ ಅದಕ್ಕೆ ಈಶ್ವರನಿದ್ದಾನೆ. ಇವತ್ತಿನ ಅನೇಕ ವಿಜ್ಞಾನಿಗಳ ವಿಶ್ವಕ್ಕೆ ವಯಸ್ಸಿದೆ, ಆದರೂ ಅವರ ಲೆಕ್ಕದಲ್ಲಿ ಕರ್ತೃ ಬರುವುದಿಲ್ಲ. ಎರಡು ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿ, ಒಂದರ ಉತ್ತರವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದರಿಂದಲೇ ಬಹುಪಾಲು ಗದ್ದಲ ಹುಟ್ಟುತ್ತದೆ. ನಾಳೆ ಹೊಸ ದೂರದರ್ಶಕದಿಂದ ಹೊಸ ಸುದ್ದಿ ಬಂದು, ಆದಿ ಸಿಕ್ಕಿತು ಅಥವಾ ಆದಿಯೇ ಇಲ್ಲ ಎಂದು ಯಾರಾದರೂ ಸಾರಿದರೆ, ಕೇಳುವವರು ಗಾಬರಿಯಾಗಬೇಕಿಲ್ಲ, ಹಿಗ್ಗಬೇಕಾಗಿಯೂ ಇಲ್ಲ. ಅದು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಎಂದು ಮೊದಲು ವಿಚಾರಿಸಿದರೆ ಸಾಕು.